ಬಟನ್ ಮೇಲಿನ ಕೆಂಪು ಅಂಕಿ: ಅದು ಬರುವುದೆಲ್ಲಿಂದ, ಎಷ್ಟು ನಂಬಬಹುದು?

ರಕ್ತಪರೀಕ್ಷೆಗೆ ಕೊಟ್ಟು ಮನೆಗೆ ಬಂದಿದ್ದೇವೆ ಎಂದುಕೊಳ್ಳೋಣ. "ವರದಿ ಬಂದ ತಕ್ಷಣ ಆ್ಯಪ್‌ನಲ್ಲಿ ತೋರಿಸುತ್ತದೆ" ಎಂದು ಕೌಂಟರಿನಲ್ಲಿದ್ದವರು ಹೇಳಿದ್ದಾರೆ. ಸಂಜೆಯವರೆಗೆ ಹತ್ತು ಸಲ ಫೋನ್ ತೆಗೆದು ನೋಡುತ್ತೇವೆ. ಗಂಟೆಯ ಚಿತ್ರವಿರುವ ಬಟನ್ ಮೇಲೆ ಏನೂ ಇಲ್ಲ. ಇನ್ನೂ ಬಂದಿಲ್ಲ ಎಂದು ಮಲಗುತ್ತೇವೆ. ಮರುದಿನ ಮನೆಯಲ್ಲಿ ಯಾರೋ 'ವರದಿಗಳು' ಎಂಬ ಪುಟವನ್ನು ತೆರೆದು ನೋಡಿದರೆ, ವರದಿ ಹಿಂದಿನ ದಿನ ಮಧ್ಯಾಹ್ನವೇ ಬಂದು ಕೂತಿದೆ!

ಇದಕ್ಕೆ ತದ್ವಿರುದ್ಧವಾದ ಅನುಭವವೂ ನಮಗೆ ಹೊಸದಲ್ಲ. ಶಾಪಿಂಗ್ ಆ್ಯಪ್ ಒಂದರ ಮೇಲೆ ಕೆಂಪು '1' ಮಿನುಗುತ್ತಿರುತ್ತದೆ. ಏನೋ ಮುಖ್ಯವಾದದ್ದು ಎಂದು ತೆರೆದರೆ ರಿಯಾಯಿತಿಯ ಜಾಹೀರಾತು. ಇನ್ನು ಕೆಲವು ಆ್ಯಪ್‌ಗಳಲ್ಲಿ ಎಲ್ಲವನ್ನೂ ಓದಿ ಮುಗಿಸಿದರೂ ಆ '1' ಜಪ್ಪಯ್ಯ ಎಂದರೂ ಹೋಗುವುದಿಲ್ಲ. "ಈ ಕೆಂಪು ಒಂದು ಏನಪ್ಪಾ, ವೈರಸ್ ಏನಾದರೂ ಬಂದಿದೆಯಾ?" ಎಂದು ಹಿರಿಯರು ಫೋನನ್ನು ನಮ್ಮ ಕೈಗೆ ಕೊಡುವುದು ಇಂಥ ಸಂದರ್ಭಗಳಲ್ಲೇ.

ಈ ಪುಟ್ಟ ಗುರುತಿನ ಹೆಸರು ಬ್ಯಾಡ್ಜ್. ಅದನ್ನು ಬಟನ್ ಮೇಲೆ ಕೂರಿಸುವುದು ಹೇಗೆ, ಅದರೊಳಗಿನ ಅಂಕಿ ಬರುವುದೆಲ್ಲಿಂದ, ಅದು ತಪ್ಪುವುದೇಕೆ, ಅದರ ಬಗ್ಗೆ ಇರುವ ನಂಬಿಕೆಗಳಲ್ಲಿ ನಿಜವೆಷ್ಟು? ಒಂದೊಂದಾಗಿ ನೋಡೋಣ.

ಬ್ಯಾಡ್ಜ್ ಎಂದರೇನು?

ಬ್ಯಾಡ್ಜ್ ಎಂದರೆ ಬಿಲ್ಲೆ. ರೈಲು ನಿಲ್ದಾಣದ ಹಮಾಲರ ತೋಳಿನ ಮೇಲೆ ಸಂಖ್ಯೆ ಬರೆದ ಬಿಲ್ಲೆ ಇರುತ್ತದಲ್ಲ, ಆ್ಯಪ್‌ನ ಬಟನ್ ಮೇಲೆ ಕಾಣುವುದೂ ಅಂಥದ್ದೇ ಒಂದು ಬಿಲ್ಲೆ. ಬಟನ್‌ನ ಮೂಲೆಯಲ್ಲಿ, ಸಾಮಾನ್ಯವಾಗಿ ಮೇಲಿನ ಬಲತುದಿಯಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ ಎಂಬಂತೆ ಕೂತಿರುವ ಸಣ್ಣ ವೃತ್ತ. ಅದರಲ್ಲಿ ಎರಡು ಬಗೆ. ಬರಿಯ ಚುಕ್ಕೆಯಾದರೆ "ಇಲ್ಲೇನೋ ಹೊಸದಿದೆ" ಎಂದಷ್ಟೇ ಅರ್ಥ. ಅಂಕಿಯಿದ್ದರೆ "ಇಷ್ಟು ಹೊಸದಿದೆ" ಎಂದು ಅರ್ಥ.

ಈ ಬಿಲ್ಲೆ ಎರಡು ಜಾಗಗಳಲ್ಲಿ ಕಾಣಿಸುತ್ತದೆ ಎನ್ನುವುದನ್ನು ಮೊದಲೇ ತಿಳಿದುಕೊಳ್ಳಬೇಕು. ಒಂದು, ಫೋನಿನ ಮುಖಪುಟದಲ್ಲಿರುವ ಆ್ಯಪ್‌ನ ಐಕಾನ್ ಮೇಲೆ. ಇನ್ನೊಂದು, ಆ್ಯಪ್ ತೆರೆದ ಮೇಲೆ ಒಳಗೆ ಕಾಣುವ ಗಂಟೆ, ಚೀಲ, ಲಕೋಟೆ ಮುಂತಾದ ಬಟನ್‌ಗಳ ಮೇಲೆ. ನೋಡಲು ಎರಡೂ ಒಂದೇ ಥರ ಇದ್ದರೂ ಅವುಗಳ ಯಜಮಾನರು ಬೇರೆ ಬೇರೆ. ಐಕಾನ್ ಮೇಲಿನದನ್ನು ತೋರಿಸುವುದು ಆಂಡ್ರಾಯ್ಡ್ ಅಥವಾ ಐಓಎಸ್. ಒಳಗಿನ ಬಟನ್ ಮೇಲಿನದನ್ನು ಬಿಡಿಸುವುದು ಆ ಆ್ಯಪ್. ಹೊರಗೆ ಒಂದು ಅಂಕಿ, ಒಳಗೆ ಇನ್ನೊಂದು ಅಂಕಿ ಕಂಡು ನಾವು ಗೊಂದಲಪಡುವುದಕ್ಕೆ ಮುಖ್ಯ ಕಾರಣ ಇದೇ.

ಐಓಎಸ್‌ನಲ್ಲಿ ಐಕಾನ್ ಮೇಲಿನ ಅಂಕಿಯನ್ನು ಆ್ಯಪ್ ಅಥವಾ ಅದರ ಸರ್ವರ್ ಹೇಳಿಕೊಡಬೇಕು. ಸರ್ವರ್ ಕಳಿಸುವ ನೋಟಿಫಿಕೇಶನ್ ಜೊತೆಯಲ್ಲೇ "ಈಗ ಮೂರು ಎಂದು ತೋರಿಸು" ಎಂಬ ಸೂಚನೆ ಬರುತ್ತದೆ, ಫೋನ್ ಅದನ್ನು ಹಾಗೆಯೇ ಪಾಲಿಸುತ್ತದೆ. ಸೊನ್ನೆ ಎಂದು ಹೇಳಿದರೆ ಬಿಲ್ಲೆ ಮಾಯ. ಆಂಡ್ರಾಯ್ಡ್‌ನದು ಬೇರೆ ಕ್ರಮ. ಅಲ್ಲಿ ಐಕಾನ್ ಮೇಲಿನ ಚುಕ್ಕೆ ಸೇರಿಕೊಂಡದ್ದು 2017ರಲ್ಲಿ ಬಂದ 8ನೇ ಆವೃತ್ತಿಯಲ್ಲಿ. ಪರದೆಯ ಮೇಲಿನಿಂದ ಕೆಳಗೆಳೆದಾಗ ಕಾಣುವ ಪಟ್ಟಿಯಲ್ಲಿ ಆ ಆ್ಯಪ್‌ನ ನೋಟಿಫಿಕೇಶನ್ ಇರುವವರೆಗೆ ಚುಕ್ಕೆಯೂ ಇರುತ್ತದೆ. ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ, ಓದಿರಲಿ ಬಿಟ್ಟಿರಲಿ, ಚುಕ್ಕೆಯೂ ಹೋಗುತ್ತದೆ.

ಕಣ್ಣಿಗೆ ತಟ್ಟನೆ ಬೀಳುವುದೇಕೆ?

ನೂರು ಹಸಿರು ಮೆಣಸಿನಕಾಯಿಗಳ ರಾಶಿಯಲ್ಲಿ ಒಂದು ಹಣ್ಣಾದ ಕೆಂಪು ಮೆಣಸಿನಕಾಯಿ ಇದ್ದರೆ ಅದನ್ನು ಹುಡುಕಬೇಕಾಗಿಲ್ಲ, ಅದೇ ಕಣ್ಣಿಗೆ ಬೀಳುತ್ತದೆ. ರಾಶಿ ಇನ್ನೂರರದ್ದಾದರೂ ಹೆಚ್ಚು ಸಮಯವೇನೂ ಬೇಕಾಗುವುದಿಲ್ಲ. ಮನೋವಿಜ್ಞಾನಿಗಳಾದ ಆ್ಯನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ಪ್ರಕಟಿಸಿದ ಸಿದ್ಧಾಂತ ಇದನ್ನು ವಿವರಿಸುತ್ತದೆ. ಬಣ್ಣದಂತಹ ಒಂದೇ ಒಂದು ಗುಣದಲ್ಲಿ ಸುತ್ತಲಿನವಕ್ಕಿಂತ ಬೇರೆಯಾಗಿರುವ ವಸ್ತುವನ್ನು ನಮ್ಮ ದೃಷ್ಟಿವ್ಯವಸ್ಥೆ ಗಮನ ಹರಿಸುವ ಮುನ್ನವೇ ಗುರುತಿಸಿಬಿಡುತ್ತದೆ. ಎರಡು ಗುಣಗಳನ್ನು ಸೇರಿಸಿ ನೋಡಬೇಕಾದಾಗ (ಉದಾಹರಣೆಗೆ ಕೆಂಪೂ ಆಗಿರಬೇಕು, ಉದ್ದವೂ ಆಗಿರಬೇಕು) ಮಾತ್ರ ನಾವು ಒಂದೊಂದನ್ನೇ ಹುಡುಕಬೇಕಾಗುತ್ತದೆ.

ಆ್ಯಪ್‌ನ ಪರದೆಯಲ್ಲಿ ಬೂದು, ಬಿಳಿ, ನೀಲಿ ಬಟನ್‌ಗಳ ನಡುವೆ ಕೆಂಪು ಚುಕ್ಕೆ ಇಟ್ಟಾಗ ಆಗುವುದೂ ಇದೇ. ಇದರಿಂದ ತಯಾರಕರಿಗೆ ಒಂದು ಪಾಠವೂ ಉಂಟು. ಒಂದೇ ಪರದೆಯಲ್ಲಿ ಐದು ಬಟನ್‌ಗಳ ಮೇಲೆ ಐದು ಕೆಂಪು ಚುಕ್ಕೆ ಇಟ್ಟರೆ, ರಾಶಿಯೆಲ್ಲ ಕೆಂಪು ಮೆಣಸಿನಕಾಯಿಯೇ ಆದಂತೆ. ಆಗ ಯಾವುದೂ ಎದ್ದು ಕಾಣುವುದಿಲ್ಲ.

ಬಟನ್ ಮೇಲೆ ಕೂರಿಸುವುದು ಹೇಗೆ?

ನಮ್ಮ ಪ್ರಯೋಗಾಲಯದ ಆ್ಯಪ್‌ಗೆ ಮರಳೋಣ. ಗಂಟೆಯ ಬಟನ್ ಈಗಾಗಲೇ ಇದೆ, ಅದರ ಮೇಲೆ ಬ್ಯಾಡ್ಜ್ ಬೇಕು. ಇಲ್ಲಿ ಬಟನ್‌ನ ಚಿತ್ರವನ್ನೇ ಬದಲಿಸುವ ಅಗತ್ಯವಿಲ್ಲ. ಗೋಡೆಗೆ ತೂಗುಹಾಕಿದ ಫೋಟೋದ ಗಾಜಿನ ಮೇಲೆ ಬೊಟ್ಟು ಅಂಟಿಸಿದ ಹಾಗೆ, ಬಟನ್‌ನ ಮೇಲೆ ಇನ್ನೊಂದು ಪಾರದರ್ಶಕ ಪದರವಿದ್ದು ಬ್ಯಾಡ್ಜನ್ನು ಆ ಪದರದ ಮೇಲೆ ಬಿಡಿಸಲಾಗುತ್ತದೆ. ಬ್ಯಾಡ್ಜ್ ಬಂದರೂ ಹೋದರೂ ಕೆಳಗಿನ ಬಟನ್ ಅಲುಗುವುದಿಲ್ಲ.

ಈ ಕೆಲಸಕ್ಕೆ ಸಿದ್ಧ ಸಾಮಗ್ರಿಗಳು ಎಲ್ಲ ಕಡೆಯೂ ಇವೆ. ಆಂಡ್ರಾಯ್ಡ್‌ನ ಹಳೆಯ ಕ್ರಮದಲ್ಲಿ ಬರೆದ ಆ್ಯಪ್‌ಗಳಿಗೆ ಗೂಗಲ್‌ನ ಮಟೀರಿಯಲ್ ಸಂಗ್ರಹದಲ್ಲಿರುವ 'ಬ್ಯಾಡ್ಜ್ ಡ್ರಾಯಬಲ್', ಹೊಸ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ 'ಬ್ಯಾಡ್ಜ್‌ಡ್ ಬಾಕ್ಸ್', ಫ್ಲಟರ್‌ನಲ್ಲಿ 'ಬ್ಯಾಡ್ಜ್', ಆ್ಯಪಲ್‌ನ ಸ್ವಿಫ್ಟ್‌ಯುಐನಲ್ಲಿ ಪರದೆಯ ಕೆಳಗಿನ ಟ್ಯಾಬ್‌ಗಳಿಗೂ ಪಟ್ಟಿಯ ಸಾಲುಗಳಿಗೂ ಹಾಕಬಹುದಾದ 'ಬ್ಯಾಡ್ಜ್' ಗುಣ. ಇವುಗಳಿಗೆ ನಾವು ಹೇಳಬೇಕಾದದ್ದು ಸ್ವಲ್ಪವೇ: ಯಾವ ಬಟನ್, ಯಾವ ಮೂಲೆ, ಯಾವ ಅಂಕಿ.

ಸಾಮಗ್ರಿ ಸಿದ್ಧವಿದ್ದರೂ ಮೊದಲ ಸಲ ಮಾಡುವವರು ಎಡವುವ ಜಾಗಗಳು ಕೆಲವಿವೆ.

ಮೊದಲನೆಯದು ಸಮಯದ್ದು. ಆಂಡ್ರಾಯ್ಡ್‌ನಲ್ಲಿ ಪರದೆ ತೆರೆದುಕೊಳ್ಳುವ ಮೊದಲ ಕ್ಷಣದಲ್ಲಿ ಬಟನ್‌ಗೆ ತನ್ನ ಅಗಲ ಎತ್ತರ ಎಷ್ಟೆಂದು ಗೊತ್ತಿರುವುದಿಲ್ಲ. ಆ ಹೊತ್ತಿಗೆ ಎರಡೂ ಸೊನ್ನೆಯೇ. ಆಗಲೇ ಬ್ಯಾಡ್ಜ್ ಡ್ರಾಯಬಲ್ ಅಂಟಿಸಿದರೆ ಅದು ತಪ್ಪು ಮೂಲೆಗೆ ಹೋಗಿ ಕೂರುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಬಟನ್ ತನ್ನ ಜಾಗದಲ್ಲಿ ಕೂತ ಮೇಲೆ ಬ್ಯಾಡ್ಜ್ ಅಂಟಿಸಬೇಕು.

ಎರಡನೆಯದು ಕತ್ತರಿಯದ್ದು. ಬ್ಯಾಡ್ಜ್ ಅರ್ಧ ಹೊರಗೆ ಚಾಚಿರುತ್ತದೆ. ಬಟನ್ ಇರುವ ಚೌಕಟ್ಟು ತನ್ನ ಗಡಿ ದಾಟಿದ್ದನ್ನೆಲ್ಲ ಕತ್ತರಿಸುವಂತೆ ಇದ್ದರೆ ಬ್ಯಾಡ್ಜ್ ಅರ್ಧಚಂದ್ರನಾಗಿ ಕಾಣುತ್ತದೆ. ಚೌಕಟ್ಟಿನಲ್ಲಿ ಅದಕ್ಕೆ ಜಾಗ ಬಿಡಬೇಕು, ಇಲ್ಲವೇ ಕತ್ತರಿಸದಂತೆ ಹೇಳಬೇಕು.

ಮೂರನೆಯದು ಗಾತ್ರದ್ದು. ಮಟೀರಿಯಲ್ ವಿನ್ಯಾಸದಲ್ಲಿ ಬರಿಯ ಚುಕ್ಕೆಯ ಗಾತ್ರ 6 ಡಿಪಿ, ಅಂಕಿಯಿರುವ ಬ್ಯಾಡ್ಜ್‌ನ ಎತ್ತರ 16 ಡಿಪಿ. ಒಂದು ಡಿಪಿ ಎಂದರೆ ಸರಿಸುಮಾರು ಇಂಚಿನ 160ನೇ ಒಂದು ಭಾಗ. ಹಾಗಾಗಿ ಚುಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್, ಅಂದರೆ ಸಾಸಿವೆ ಕಾಳಿಗಿಂತ ಸಣ್ಣದು. ಅಂಕಿಯಿರುವುದು ಸುಮಾರು 2.5 ಮಿಲಿಮೀಟರ್. ಇಷ್ಟು ಪುಟ್ಟ ಜಾಗದಲ್ಲಿ ದೊಡ್ಡ ಸಂಖ್ಯೆ ಹಿಡಿಸದು. ಅದಕ್ಕೇ '+' ಗುರುತೂ ಸೇರಿ ನಾಲ್ಕು ಅಕ್ಷರಗಳ ಮಿತಿ. 1,247 ಹೊಸ ಸಂದೇಶಗಳಿದ್ದರೆ '999+' ಎಂದು ಕಾಣುತ್ತದೆ. ಎಷ್ಟೋ ಆ್ಯಪ್‌ಗಳು '9+' ಅಥವಾ '99+' ಎಂಬಲ್ಲೇ ನಿಲ್ಲಿಸುತ್ತವೆ. ಹತ್ತನ್ನು ದಾಟಿದ ಮೇಲೆ ನಿಖರ ಸಂಖ್ಯೆಯಿಂದ ನಮಗೆ ದೊಡ್ಡ ಉಪಯೋಗವೇನೂ ಇಲ್ಲ.

ನಾಲ್ಕನೆಯದು ಬೆರಳಿನದ್ದು. ಬೆರಳು ಒತ್ತುವ ಜಾಗ ಕನಿಷ್ಠ 48 ಡಿಪಿ, ಅಂದರೆ ಏಳೂವರೆ ಮಿಲಿಮೀಟರ್‌ನಷ್ಟು ಇರಬೇಕೆಂದು ಮಟೀರಿಯಲ್ ಹೇಳುತ್ತದೆ. ಬ್ಯಾಡ್ಜ್ ಅದಕ್ಕಿಂತ ಎಷ್ಟೋ ಚಿಕ್ಕದು. ಆದ್ದರಿಂದ ಬ್ಯಾಡ್ಜನ್ನು ಪ್ರತ್ಯೇಕ ಬಟನ್ ಮಾಡಬಾರದು. ಬೆರಳು ಬ್ಯಾಡ್ಜ್ ಮೇಲೆ ಬಿದ್ದರೂ ಅದು ಕೆಳಗಿನ ಗಂಟೆಯನ್ನೇ ಒತ್ತಿದಂತೆ ಆಗಬೇಕು.

ಕೊನೆಯದು ಸೊನ್ನೆಯದ್ದು. ಹೊಸದೇನೂ ಇಲ್ಲದಾಗ '0' ಎಂದು ಬರೆದ ಕೆಂಪು ಬ್ಯಾಡ್ಜ್ ಕಾಣಬಾರದು, ಬ್ಯಾಡ್ಜೇ ಇರಬಾರದು. ಕೇಳಲು ಇಷ್ಟು ಸರಳವಾದ ಈ ಮಾತನ್ನು ಮರೆತ ಆ್ಯಪ್‌ಗಳು ಬೇಕಾದಷ್ಟಿವೆ.

ಅಂಕಿ ಬರುವುದೆಲ್ಲಿಂದ?

ಬಿಲ್ಲೆ ಬಿಡಿಸುವುದು ಸುಲಭದ ಭಾಗ. ಅದರೊಳಗೆ ಸರಿಯಾದ ಅಂಕಿ ಬರೆಯುವುದೇ ಕಷ್ಟ.

ಹಾಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ. ದಿನವೂ ಹಾಲು ಹಾಕಿದಾಗ ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತೇವೆ. ಎರಡು ದಿನ ಗೀಟು ಹಾಕುವುದು ಮರೆತರೆ, ಅಥವಾ ಅಮ್ಮ ಹಾಕಿದ್ದು ಗೊತ್ತಿಲ್ಲದೆ ಮಗನೂ ಹಾಕಿದರೆ, ತಿಂಗಳ ಕೊನೆಯ ಲೆಕ್ಕ ತಪ್ಪುತ್ತದೆ. ಒಮ್ಮೆ ತಪ್ಪಿದ್ದು ತಾನಾಗಿ ಸರಿಹೋಗುವುದಿಲ್ಲ. ಡೈರಿಯವರ ಪುಸ್ತಕ ನೋಡಿ ಹೇಳಿದರೆ ಮಾತ್ರ ಸರಿಯಾಗುತ್ತದೆ.

ಬ್ಯಾಡ್ಜ್‌ಗೂ ಈ ಎರಡೂ ದಾರಿಗಳಿವೆ. ಒಂದು ನೋಟಿಫಿಕೇಶನ್ ಬಂದಾಗಲೆಲ್ಲ ಫೋನು 'ಒಂದು ಕೂಡು', ತೆರೆದಾಗಲೆಲ್ಲ 'ಒಂದು ಕಳೆ' ಎಂದು ಲೆಕ್ಕ ಇಡುವುದು ಗೀಟಿನ ದಾರಿ. ಆದರೆ ಕಳಿಸಿದ ನೋಟಿಫಿಕೇಶನ್‌ಗಳೆಲ್ಲ ಫೋನಿಗೆ ತಲುಪಿಯೇ ತೀರುತ್ತವೆ ಎಂಬ ಖಾತರಿಯಿಲ್ಲ. ಫೋನ್ ಆಫ್ ಆಗಿದ್ದಾಗ ಬಂದವುಗಳಲ್ಲಿ ಕೆಲವು ಕಳೆದುಹೋಗಬಹುದು. ಹೀಗೆ ಒಂದೇ ಒಂದು ಗೀಟು ತಪ್ಪಿದರೂ ಎಲ್ಲ ಓದಿದ ಮೇಲೂ ಹೋಗದ ಆ ದೆವ್ವದಂಥ '1' ಹುಟ್ಟಿಕೊಳ್ಳುತ್ತದೆ.

ಎರಡನೆಯದು ಪುಸ್ತಕದ ದಾರಿ. ಓದದೆ ಉಳಿದಿರುವುದೆಷ್ಟು ಎಂಬ ಮೂಲ ಲೆಕ್ಕ ಸರ್ವರ್‌ನಲ್ಲಿರುತ್ತದೆ. ಅದು "ಒಂದು ಕೂಡು" ಎಂದು ಹೇಳದೆ "ಈಗ ಒಟ್ಟು ಮೂರು" ಎಂದೇ ಹೇಳುತ್ತದೆ. ನಡುವೆ ಒಂದು ಸಂದೇಶ ತಪ್ಪಿದರೂ ಮುಂದಿನದು ಬಂದಾಗ ಲೆಕ್ಕ ತಾನಾಗಿ ಸರಿಹೋಗುತ್ತದೆ. ಜೊತೆಗೆ ನಾವು ಆ್ಯಪ್ ತೆರೆದಾಗಲೆಲ್ಲ ಅದು ಸರ್ವರನ್ನು ಒಮ್ಮೆ ಕೇಳಿ ಗಂಟೆಯ ಮೇಲಿನ ಅಂಕಿಯನ್ನು ತಿದ್ದಿಕೊಳ್ಳಬೇಕು. ಒಳ್ಳೆಯ ಆ್ಯಪ್‌ಗಳು ಮಾಡುವುದು ಹೀಗೆಯೇ.

ಇನ್ನೊಂದು ಪ್ರಶ್ನೆಯೂ ಇದೆ. ಅಂಕಿ ಕಡಿಮೆಯಾಗಬೇಕಾದದ್ದು ಯಾವಾಗ? ಗಂಟೆಯನ್ನು ಒತ್ತಿ ಪಟ್ಟಿ ನೋಡಿದಾಗಲೇ? ಅಥವಾ ಪಟ್ಟಿಯಲ್ಲಿರುವ ಒಂದೊಂದನ್ನೂ ತೆರೆದು ಓದಿದಾಗಲೇ? 'ಕಂಡದ್ದು' ಬೇರೆ, 'ಓದಿದ್ದು' ಬೇರೆ. ಸಾಮಾಜಿಕ ಜಾಲತಾಣದಲ್ಲಿ ಹತ್ತು ಲೈಕ್ ಬಂದಿದ್ದರೆ ಪಟ್ಟಿಯನ್ನು ಕಂಡರೆ ಸಾಕು, ಅಂಕಿ ಹೋಗಲಿ. ಪ್ರಯೋಗಾಲಯದ ವರದಿಯಾದರೆ, ಅದನ್ನು ತೆರೆದು ನೋಡುವವರೆಗೂ ಅಂಕಿ ಉಳಿಯಬೇಕು. ಯಾವುದು ಸರಿ ಎನ್ನುವುದು ಅಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಇದನ್ನು ಯೋಚಿಸದೆ ಎಲ್ಲದಕ್ಕೂ ಒಂದೇ ನಿಯಮ ಹಾಕಿದಾಗ ಮುಖ್ಯವಾದದ್ದು ಕಣ್ತಪ್ಪುತ್ತದೆ.

ಎಲ್ಲರಿಗೂ ತಿಳಿಯುತ್ತದೆಯೆ?

ಯುರೋಪ್ ಮೂಲದ ಪುರುಷರಲ್ಲಿ ಸುಮಾರು ಶೇ. 8ರಷ್ಟು ಮಂದಿಗೆ ಕೆಂಪು-ಹಸಿರು ಬಣ್ಣಗಳನ್ನು ಬೇರ್ಪಡಿಸುವುದು ಕಷ್ಟ. ಭಾರತೀಯರಲ್ಲೂ ಇದು ಅಪರೂಪವೇನಲ್ಲ. ಇವರಲ್ಲಿ ಕೆಲವರಿಗೆ ಕೆಂಪು ಬಣ್ಣ ಕಪ್ಪಾಗಿಯೇ ಕಾಣುತ್ತದೆ. ಅಂಥವರಿಗೆ ಕಡುಬಣ್ಣದ ಐಕಾನ್ ಮೇಲಿನ ಕೆಂಪು ಚುಕ್ಕೆ ಇದ್ದೂ ಇಲ್ಲದಂತೆ. ಅದಕ್ಕಾಗಿ ಬ್ಯಾಡ್ಜ್ ಸುತ್ತ ತೆಳುವಾದ ಬಿಳಿ ಅಂಚು ಕೊಡುವುದು, ಚುಕ್ಕೆಯ ಬದಲು ಅಂಕಿ ಬಳಸುವುದು ಒಳ್ಳೆಯದು. ಜಾಲತಾಣಗಳು ಎಲ್ಲರಿಗೂ ಎಟುಕುವಂತೆ ಇರಬೇಕೆಂದು ರೂಪಿಸಲಾಗಿರುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ, ಬರಿಯ ಬಣ್ಣವನ್ನೇ ನೆಚ್ಚಿಕೊಂಡು ಮಾಹಿತಿ ತಿಳಿಸಬಾರದು ಎನ್ನುತ್ತದೆ. ಸಣ್ಣ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಿನ ಹೊಳಪಿನ ಅಂತರ 4.5ಕ್ಕೆ 1ರಷ್ಟಾದರೂ ಇರಬೇಕು ಎಂಬುದು ಅದರದೇ ಇನ್ನೊಂದು ಸೂತ್ರ. ಅಪ್ಪಟ ಕೆಂಪಿನ ಮೇಲೆ ಬಿಳಿ ಅಂಕಿ ಬರೆದರೆ ಈ ಅಂತರ ಸುಮಾರು 4 ಮಾತ್ರ. ತುಸು ಗಾಢವಾದ ಕೆಂಪನ್ನು ಆರಿಸಿಕೊಂಡರೆ ಈ ಕೊರತೆ ನೀಗುತ್ತದೆ.

ಕಣ್ಣು ಕಾಣದವರು ಫೋನ್ ಬಳಸುವುದು ಪರದೆಯನ್ನು ಓದಿ ಹೇಳುವ ತಂತ್ರಾಂಶಗಳ ನೆರವಿನಿಂದ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್. ಬ್ಯಾಡ್ಜ್ ಬರಿಯ ಚಿತ್ರವಾಗಿದ್ದರೆ ಅವು "ಅಧಿಸೂಚನೆಗಳು, ಬಟನ್" ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. "ಅಧಿಸೂಚನೆಗಳು, 3 ಹೊಸ ವರದಿಗಳು, ಬಟನ್" ಎಂದು ಹೇಳಬೇಕಾದರೆ ಆ ಮಾತನ್ನು ಆ್ಯಪ್ ಬರೆಯುವವರು ಬಟನ್‌ಗೆ ಜೋಡಿಸಬೇಕು.

ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. ಏಕವಚನ, ಬಹುವಚನಗಳನ್ನು ಯಾವ ಸಂಖ್ಯೆಗೆ ಬಳಸಬೇಕೆಂದು ಯೂನಿಕೋಡ್ ಸಂಸ್ಥೆಯ ದತ್ತಸಂಗ್ರಹ ಪ್ರತಿ ಭಾಷೆಗೂ ನಿಯಮ ಹೇಳಿದೆ. ಇಂಗ್ಲಿಷಿನಲ್ಲಿ 1ಕ್ಕೆ ಮಾತ್ರ ಏಕವಚನ. ಕನ್ನಡದಲ್ಲಿ 1ರ ಜೊತೆಗೆ 0 ಕೂಡ ಏಕವಚನದ ಗುಂಪಿಗೇ ಸೇರುತ್ತದೆ. ಇದು ಗೊತ್ತಿಲ್ಲದೆ ಏಕವಚನದ ಜಾಗದಲ್ಲಿ "ಒಂದು ಹೊಸ ವರದಿ" ಎಂದು ಅಕ್ಷರದಲ್ಲೇ ಬರೆದಿಟ್ಟರೆ ಏನಾಗುತ್ತದೆ? ವರದಿ ಒಂದೂ ಇಲ್ಲದಿರುವಾಗಲೂ ಫೋನ್ "ಒಂದು ಹೊಸ ವರದಿ" ಎಂದು ಓದಿ ಹೇಳುತ್ತದೆ! ಇಂಗ್ಲಿಷ್ ಆವೃತ್ತಿಯಲ್ಲಿ ಸರಿಯಾಗಿದ್ದ ಆ್ಯಪ್, ಕನ್ನಡಕ್ಕೆ ಬಂದಾಗ ಸುಳ್ಳು ಹೇಳತೊಡಗುತ್ತದೆ. ಅಂಕಿಯ ಜಾಗವನ್ನು ಖಾಲಿ ಬಿಟ್ಟು ಅಲ್ಲಿ ನಿಜವಾದ ಸಂಖ್ಯೆಯೇ ಬಂದು ಕೂರುವಂತೆ ಮಾಡುವುದು, ಸೊನ್ನೆಯಿದ್ದರೆ "ಹೊಸ ವರದಿ ಇಲ್ಲ" ಎಂಬ ಬೇರೆಯದೇ ವಾಕ್ಯ ಬಳಸುವುದು ಇದಕ್ಕೆ ಪರಿಹಾರ.

ಬ್ಯಾಡ್ಜ್‌ನಲ್ಲಿ ಕನ್ನಡ ಅಂಕಿಗಳೇ ಕಾಣಬೇಕೆಂದರೂ ಅಷ್ಟೆ. ಫೋನಿನ ಭಾಷೆ ಕನ್ನಡವೆಂದಾಕ್ಷಣ ಅಂಕಿಗಳೂ ಕನ್ನಡಕ್ಕೆ ಬದಲಾಗುವುದಿಲ್ಲ. ಅದೇ ದತ್ತಸಂಗ್ರಹದ ಪ್ರಕಾರ ಕನ್ನಡಕ್ಕೆ ಪೂರ್ವನಿಯೋಜಿತವಾಗಿರುವುದು 1, 2, 3 ಎಂಬ ಅಂಕಿಗಳೇ. ೧, ೨, ೩ ಬೇಕಿದ್ದರೆ ಆ್ಯಪ್ ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಬ್ಯಾಡ್ಜ್ ಕಾಣದಿದ್ದರೆ ಹೊಸದೇನೂ ಬಂದಿಲ್ಲ.
ವಾಸ್ತವ: ಇದು ಎಲ್ಲಕ್ಕಿಂತ ಅಪಾಯದ ತಪ್ಪು ತಿಳಿವಳಿಕೆ. ಬಂದಿದ್ದರೂ ಬ್ಯಾಡ್ಜ್ ಕಾಣದಿರಲು ಹತ್ತು ಕಾರಣಗಳಿರಬಹುದು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಶನ್ ಕಳಿಸಲು ಆ್ಯಪ್‌ಗಳು ನಮ್ಮ ಅನುಮತಿ ಕೇಳಬೇಕು. ಅವಸರದಲ್ಲಿ 'ಬೇಡ' ಎಂದು ಒತ್ತಿದ್ದರೆ ಐಕಾನ್ ಮೇಲೆ ಚುಕ್ಕೆ ಬರುವುದಿಲ್ಲ. ಬ್ಯಾಟರಿ ಉಳಿಸಲೆಂದು ಫೋನ್ ನಿದ್ರಾವಸ್ಥೆಗೆ ಹೋದಾಗ ತುರ್ತಲ್ಲದ ಸಂದೇಶಗಳು ತಡವಾಗುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ ಅನ್ನು ಬಲವಂತವಾಗಿ ನಿಲ್ಲಿಸಿದ್ದರೆ, ಮತ್ತೆ ಅದನ್ನು ನಾವೇ ತೆರೆಯುವವರೆಗೆ ಯಾವ ಸಂದೇಶವೂ ಅದನ್ನು ಮುಟ್ಟುವುದಿಲ್ಲ. ಮನೆಯ ಇನ್ನೊಬ್ಬರು ಅದೇ ಖಾತೆಯನ್ನು ತಮ್ಮ ಫೋನಿನಲ್ಲಿ ತೆರೆದು ನೋಡಿದ್ದರೆ ನಮ್ಮಲ್ಲಿ ಅಂಕಿ ಸೊನ್ನೆಯಾಗಿರಬಹುದು. ಆದ್ದರಿಂದ ಪರೀಕ್ಷೆಯ ವರದಿ, ಬ್ಯಾಂಕಿನ ಸಂದೇಶ, ಪ್ರವೇಶಪತ್ರದಂಥವುಗಳಿಗಾಗಿ ಕಾಯುತ್ತಿದ್ದರೆ ಆ್ಯಪ್ ತೆರೆದು ಸಂಬಂಧಪಟ್ಟ ಪುಟವನ್ನೇ ನೋಡಬೇಕು.

ನಂಬಿಕೆ: ಬ್ಯಾಡ್ಜ್ ಅಳಿಸಿದರೆ ಸಂದೇಶವೂ ಅಳಿಸಿಹೋಗುತ್ತದೆ.
ವಾಸ್ತವ: ಇಲ್ಲ. ಬ್ಯಾಡ್ಜ್ ಒಂದು ಗುರುತು ಮಾತ್ರ. ಲಕೋಟೆಯ ಮೇಲಿನ ಅಂಚೆಚೀಟಿ ಕಿತ್ತರೆ ಒಳಗಿನ ಕಾಗದ ಮಾಯವಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಡ್ಜ್ ಬೇಡವೆಂದರೂ, ನೋಟಿಫಿಕೇಶನ್ ಪಕ್ಕಕ್ಕೆ ಸರಿಸಿದರೂ ಸಂದೇಶ ಆ್ಯಪ್‌ನೊಳಗೆ ಇದ್ದೇ ಇರುತ್ತದೆ.

ನಂಬಿಕೆ: ಬ್ಯಾಡ್ಜ್‌ನಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ.
ವಾಸ್ತವ: ಒಂದೆರಡು ಮಿಲಿಮೀಟರಿನ ವೃತ್ತ ಬಿಡಿಸಲು ಬೇಕಾಗುವ ವಿದ್ಯುತ್ ಲೆಕ್ಕಕ್ಕೇ ಬಾರದಷ್ಟು. ನೋಟಿಫಿಕೇಶನ್‌ಗಳನ್ನು ತರಲೂ ಪ್ರತಿ ಆ್ಯಪ್ ಬೇರೆ ಬೇರೆಯಾಗಿ ಕಾಯುತ್ತ ಕೂರಬೇಕಾಗಿಲ್ಲ. ಐಫೋನ್‌ಗಳಲ್ಲಿ ಆ್ಯಪಲ್‌ನ ಸೇವೆ 2009ರಿಂದ ಎಲ್ಲ ಆ್ಯಪ್‌ಗಳ ಪರವಾಗಿ ಒಂದೇ ಸಂಪರ್ಕವನ್ನು ಕಾಯ್ದುಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಸೇವೆಯೂ ಹಾಗೆಯೇ. ಊರಿಗೆಲ್ಲ ಒಬ್ಬರೇ ಅಂಚೆಯಣ್ಣ ಇದ್ದ ಹಾಗೆ. ಬ್ಯಾಟರಿ ಖಾಲಿಯಾಗುವುದು ನೋಟಿಫಿಕೇಶನ್ ಬಂದಾಗಲೆಲ್ಲ ಪರದೆ ಹೊತ್ತಿಕೊಳ್ಳುವುದರಿಂದ, ಅದಕ್ಕಿಂತ ಹೆಚ್ಚಾಗಿ ಅದನ್ನು ನೋಡಲು ಹೋಗಿ ನಾವು ಅರ್ಧ ಗಂಟೆ ಅಲ್ಲೇ ಉಳಿಯುವುದರಿಂದ.

ನಂಬಿಕೆ: ಕೆಂಪು ಚುಕ್ಕೆ ಕಂಡೊಡನೆ ಮೆದುಳಿನಲ್ಲಿ ಡೋಪಮಿನ್ ಉಕ್ಕಿ ಚಟ ಹತ್ತುತ್ತದೆ.
ವಾಸ್ತವ: ಇದರಲ್ಲಿ ಕಾಳಿನಷ್ಟು ನಿಜವಿದೆ, ಅದರ ಸುತ್ತ ಬಹಳ ಹೊಟ್ಟು ಸೇರಿಕೊಂಡಿದೆ. ಡೋಪಮಿನ್ 'ಸುಖದ ರಾಸಾಯನಿಕ' ಎನ್ನುವುದು ಅತಿ ಸರಳೀಕರಣ. ವೋಲ್ಫ್ರಾಮ್ ಶುಲ್ಟ್ಸ್ ಮತ್ತಿತರರು ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದೇನೆಂದರೆ, ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಡೋಪಮಿನ್ ನರಕೋಶಗಳು ಚುರುಕಾಗುತ್ತವೆ. ರಸ ಬರುವ ಮುನ್ನ ಪ್ರತಿ ಸಲವೂ ಒಂದು ಸೂಚನೆ ಕೊಟ್ಟು ಅಭ್ಯಾಸ ಮಾಡಿಸಿದರೆ, ಕ್ರಮೇಣ ಸೂಚನೆಗೇ ಚುರುಕಾಗುತ್ತವೆ. ಬರಬೇಕಾದ ರಸ ಬರದಿದ್ದರೆ ಮಂಕಾಗುತ್ತವೆ. ಅಂದರೆ ಅವು ಹೇಳುವುದು 'ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸ'ವನ್ನು. ಬ್ಯಾಡ್ಜ್ ಕೂಡ ಒಂದು ಸೂಚನೆಯೇ. ಒಳಗೆ ಕೆಲವೊಮ್ಮೆ ಗೆಳೆಯರ ಮಾತು, ಹೆಚ್ಚಿನ ಸಲ ಜಾಹೀರಾತು. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನಕ್ಕಾಗಿ ಪ್ರಾಣಿಗಳು ಬಿಡದೆ ಪ್ರಯತ್ನಿಸುತ್ತವೆ ಎಂಬುದನ್ನು ಬಿ.ಎಫ್. ಸ್ಕಿನ್ನರ್ ಬಹಳ ಹಿಂದೆಯೇ ತೋರಿಸಿದ್ದರು. ಮತ್ತೆ ಮತ್ತೆ ಫೋನ್ ನೋಡುವ ನಮ್ಮ ಅಭ್ಯಾಸಕ್ಕೆ ಇದು ಒಪ್ಪುವ ವಿವರಣೆ. ಅಷ್ಟರಿಂದಲೇ ಕೆಂಪು ಚುಕ್ಕೆಯನ್ನು ಮಾದಕವಸ್ತುವಿಗೆ ಹೋಲಿಸುವ ವಾಟ್ಸ್ಆ್ಯಪ್ ಸಂದೇಶಗಳು ನಿಜವಾಗುವುದಿಲ್ಲ.

ಹಾಗೆಂದು ನೋಟಿಫಿಕೇಶನ್‌ಗಳಿಂದ ತೊಂದರೆಯೇ ಇಲ್ಲ ಎಂದಲ್ಲ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಮನ ಬೇಡುವ ಕೆಲಸದಲ್ಲಿ ತೊಡಗಿದ್ದವರಿಗೆ ಫೋನಿನ ಸದ್ದು ಅಥವಾ ಕಂಪನ ತಾಕಿದಾಗ, ಅವರು ಫೋನ್ ಮುಟ್ಟದಿದ್ದರೂ ಕೆಲಸದಲ್ಲಿ ತಪ್ಪುಗಳು ಹೆಚ್ಚಿದ್ದು ಕಂಡುಬಂತು. ಆ ದೃಷ್ಟಿಯಿಂದ ಸದ್ದಿಲ್ಲದೆ ಕಾಯುವ ಬ್ಯಾಡ್ಜ್, ಕೂಗಿ ಕರೆಯುವ ನೋಟಿಫಿಕೇಶನ್‌ಗಿಂತ ಸಾಧು ಪ್ರಾಣಿ. ನಾವಾಗಿ ಫೋನ್ ತೆಗೆಯುವವರೆಗೆ ಅದು ತೊಂದರೆ ಕೊಡುವುದಿಲ್ಲ.

ನಂಬಿಕೆ: ಹೋಗದೆ ಉಳಿದ ಬ್ಯಾಡ್ಜ್ ಎಂದರೆ ವೈರಸ್.
ವಾಸ್ತವ: ಬಹುಪಾಲು ಅದು ಲೆಕ್ಕ ತಪ್ಪಿದ ಗೀಟು ಮಾತ್ರ. ಆ್ಯಪ್ ಅನ್ನು ಅಪ್‌ಡೇಟ್ ಮಾಡುವುದು, ಒಮ್ಮೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗುವುದು ಸಾಮಾನ್ಯವಾಗಿ ಸಾಕಾಗುತ್ತದೆ. ಹುಷಾರಾಗಿರಬೇಕಾದದ್ದು ಬೇರೆ ಕಡೆ. ಬ್ರೌಸರ್‌ನಲ್ಲಿ ಯಾವುದೋ ಜಾಲತಾಣ ನೋಡುವಾಗ "ನಿಮ್ಮ ಫೋನಿನಲ್ಲಿ 3 ವೈರಸ್" ಎಂದು ಕೆಂಪು ಅಂಕಿ ತೋರಿಸುವ ಚಿತ್ರಗಳು ಬ್ಯಾಡ್ಜ್ ಅಲ್ಲ, ಜಾಹೀರಾತು ಅಥವಾ ಬಲೆ. ಅವನ್ನು ಒತ್ತಬಾರದು.

ಸುಳ್ಳು ಹೇಳುವ ಬಿಲ್ಲೆ

ಬ್ಯಾಡ್ಜ್ ತಪ್ಪುವುದು ಬೇರೆ, ಬೇಕೆಂದೇ ಸುಳ್ಳು ಹೇಳುವುದು ಬೇರೆ. ಏನೂ ಇಲ್ಲದಿದ್ದರೂ '1' ತೋರಿಸಿ ಒಳಗೆ ಕರೆಯುವುದು, ಜಾಹೀರಾತನ್ನು ಸಂದೇಶದ ವೇಷದಲ್ಲಿ ತೋರಿಸುವುದು, ಸೆಟ್ಟಿಂಗ್ಸ್ ಬಟನ್ ಮೇಲೆ ಚುಕ್ಕೆಯಿಟ್ಟು ನಮಗೆ ಬೇಡದ ಸೌಲಭ್ಯವನ್ನು ಒಪ್ಪಿಕೊಳ್ಳುವವರೆಗೂ ಅಳಿಸದಿರುವುದು ಈ ಜಾತಿಗೆ ಸೇರಿದವು. ಇಂಥ ವಂಚಕ ವಿನ್ಯಾಸಗಳಿಗೆ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರು. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇವುಗಳ ತಡೆಗೆ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಪಟ್ಟಿ ಮಾಡಿದೆ. ಸುಳ್ಳು ತುರ್ತು ಹುಟ್ಟಿಸುವುದು, ಬೇಡವೆಂದರೂ ಪೀಡಿಸುತ್ತಲೇ ಇರುವುದು, ಜಾಹೀರಾತಿಗೆ ವೇಷ ಹಾಕುವುದು ಮೂರೂ ಅದರಲ್ಲಿವೆ. ಹಣದ ವ್ಯವಹಾರದಲ್ಲಿ ಇಂಥ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ನಾವು ಮಾಡಬಹುದಾದದ್ದು

ಬಿಡುವು ಸಿಕ್ಕಾಗ ಹತ್ತು ನಿಮಿಷ ಫೋನಿನ ಸೆಟ್ಟಿಂಗ್ಸ್ ತೆರೆದು ನೋಟಿಫಿಕೇಶನ್‌ಗಳ ಪಟ್ಟಿ ನೋಡೋಣ. ಎರಡು ರಾಶಿ ಮಾಡೋಣ. ಮನುಷ್ಯರು ನಮಗಾಗಿ ಕಳಿಸುವವು, ಮತ್ತು ಆಸ್ಪತ್ರೆ, ಬ್ಯಾಂಕ್, ಶಾಲೆಯಂಥ ಕಡೆಯಿಂದ ಬರುವವು ಒಂದು ರಾಶಿ. ಇವುಗಳ ಬ್ಯಾಡ್ಜ್ ಇರಲಿ, ಅನುಮತಿ ಸರಿಯಾಗಿದೆಯೇ ಎಂದು ನೋಡೋಣ. ಆಟ, ಶಾಪಿಂಗ್, ವಿಡಿಯೋಗಳದ್ದು ಇನ್ನೊಂದು ರಾಶಿ. ಅವುಗಳ ಬ್ಯಾಡ್ಜ್ ತೆಗೆದುಹಾಕೋಣ. ಆಗ ಉಳಿಯುವ ಕೆಲವೇ ಕೆಂಪು ಚುಕ್ಕೆಗಳಿಗೆ ಹಸಿರಿನ ನಡುವಿನ ಒಂದೇ ಕೆಂಪು ಮೆಣಸಿನಕಾಯಿಯ ಬೆಲೆ ಮರಳಿ ಬರುತ್ತದೆ. ಮನೆಯ ಹಿರಿಯರ ಫೋನಿನಲ್ಲೂ ಇದನ್ನು ಮಾಡಿಕೊಟ್ಟರೆ ಒಳ್ಳೆಯದು. ಆದರೆ ಅವರ ಜೊತೆ ಕೂತು, ಯಾವುದು ಬೇಕು ಯಾವುದು ಬೇಡ ಎಂದು ಅವರನ್ನೇ ಕೇಳಿ ಮಾಡಬೇಕು.

ಆ್ಯಪ್ ಮಾಡುವವರು ನೆನಪಿಡಬೇಕಾದದ್ದು ಇನ್ನೊಂದಿದೆ. ಪ್ರಾಣಕ್ಕೆ ಅಪಾಯ ಸೂಚಿಸುವಂಥ ಫಲಿತಾಂಶ ಬಂದಾಗ ಪ್ರಯೋಗಾಲಯಗಳು ವೈದ್ಯರಿಗೆ ನೇರವಾಗಿ ಫೋನ್ ಮಾಡಿ ತಿಳಿಸುವ ಪದ್ಧತಿ ಮೊದಲಿನಿಂದಲೂ ಇದೆ. ಬ್ಯಾಡ್ಜ್ ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ, ಅದು ಆ ಫೋನ್ ಕರೆಯ ಜಾಗಕ್ಕೆ ಬರಬಾರದು. ನಾವು ನೋಡಲೇಬೇಕಾದದ್ದನ್ನು ತಿಳಿಸಲು ಅದರ ಜೊತೆಗೊಂದು ಎಸ್ಸೆಮ್ಮೆಸ್ಸೋ ಕರೆಯೋ ಇರಲೇಬೇಕು.

ಇನ್ನು ನಮ್ಮ ಮಟ್ಟಿಗೆ: ಗಂಟೆಯ ಮೇಲೆ ಕೆಂಪು ಅಂಕಿ ಕಂಡರೆ ಗಾಬರಿ ಬೇಡ, ಬಿಡುವಾದಾಗ ನೋಡಿದರಾಯಿತು. ಕಾಯುತ್ತಿರುವ ವರದಿಯ ಅಂಕಿ ಕಾಣದಿದ್ದರೆ ಮಾತ್ರ, ಬಂದಿಲ್ಲವೆಂದು ಸುಮ್ಮನಾಗದೆ ಒಮ್ಮೆ ಒಳಗೆ ಹೋಗಿ ನೋಡಿಬಿಡೋಣ.